ಹಳೆ ಕಾರಿನೊಳಗೆ ಟಕ್ ಟಕ್: ಸದ್ದು ಎಲ್ಲಿಂದ, ಯಾಕೆ, ಎಂತ ಮಾಡುವುದು

ಆಟಿ ತಿಂಗಳ ಒಂದು ಬೆಳಿಗ್ಗೆ. ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ಏಳೂವರೆಗೆ ಶಾಲೆಗೆ ಹೊರಡಬೇಕು, ಕೀ ತಿರುಗಿಸಿದರೆ ಬಾನೆಟ್ ಒಳಗಿಂದ ಟಕಟಕಟಕಟಕ. ಯಕ್ಷಗಾನದಲ್ಲಿ ರಾಕ್ಷಸ ವೇಷ ಬರುವ ಮೊದಲು ಚೆಂಡೆ ಬಾರಿಸಿದ ಹಾಗೆ. ರಾಕ್ಷಸ ಮಾತ್ರ ಬರಲಿಲ್ಲ. ಇಂಜಿನ್ ಒಂದು ಸುತ್ತೂ ತಿರುಗಲಿಲ್ಲ.

ಬ್ಯಾಟರಿ ಹೋಯಿತು ಅಂದುಕೊಂಡೆ. ಪಕ್ಕದ ಮನೆಯವರೂ ಅದನ್ನೇ ಹೇಳಿದರು. ಸಂಜೆ ಹೊಸ ಬ್ಯಾಟರಿ ಹಾಕಿಸಿದೆ. ಹತ್ತು ದಿನ ಸರಿ ಇತ್ತು. ಹನ್ನೊಂದನೇ ದಿನ ಮತ್ತೆ ಅದೇ ಚೆಂಡೆ.

ನಮ್ಮದು 2002ರ ಸಣ್ಣ ಪೆಟ್ರೋಲ್ ಕಾರು, ಕೆಎ-20. ಮನೆ ಉಡುಪಿ ಕಡಲ ತೀರದ ಮಲ್ಪೆಯಿಂದ ಎರಡು ಕಿಲೋಮೀಟರ್ ಒಳಗೆ. ಪಡುಗಾಳಿ ಬೀಸಿದರೆ ಕಿಟಕಿಯ ಸರಳಿಗೂ ಉಪ್ಪು ಹಿಡಿಯುತ್ತದೆ, ಇನ್ನು ಕಾರಿನ ತಂತಿ ಬಿಡುತ್ತದಾ? ಪಣಂಬೂರು, ಸುರತ್ಕಲ್, ಉಳ್ಳಾಲ, ಪಡುಬಿದ್ರಿ ಕಡೆ ಹಳೆ ಗಾಡಿ ಇಟ್ಟುಕೊಂಡವರಿಗೆ ಇದು ಹೊಸ ವಿಷಯ ಅಲ್ಲ. ಘಟ್ಟದ ಮೇಲಿನವರ ಕಾರಿಗೆ ಬ್ಯಾಟರಿ ಮೊದಲು ಕೈ ಕೊಡಬಹುದು. ನಮ್ಮಲ್ಲಿ ಅದಕ್ಕಿಂತ ಮೊದಲು ಅರ್ತ್ ವೈರ್, ಅಂದರೆ ಬ್ಯಾಟರಿಯ ನೆಗೆಟಿವ್‌ನಿಂದ ಇಂಜಿನ್ನಿಗೆ, ಬಾಡಿಗೆ ಹೋಗುವ ವೈರ್, ಕೈ ಕೊಡುತ್ತದೆ ಅನ್ನುವುದು ನನ್ನ ಅನುಭವ. ಆದ್ದರಿಂದ ಕೆಳಗಿನ ಎಲ್ಲಾ ಕಡೆ ಅರ್ತ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಿದ್ದೇನೆ.

ಮೊದಲು ಕಿವಿ ಕೊಡಿ

ಕಾರಿನಲ್ಲಿ ಟಕ್ ಅನ್ನುವ ವಿದ್ಯುತ್ ಸಾಮಾನು ತುಂಬಾ ಇಲ್ಲ. ಹೆಚ್ಚಾಗಿ ರಿಲೇ, ಇಲ್ಲಾ ಸೊಲೆನಾಯ್ಡ್. ಎರಡೂ ಒಂದೇ ಜಾತಿ. ತಂತಿ ಸುತ್ತಿದ ಕಾಯಿಲ್‌ಗೆ ಕರೆಂಟ್ ಹೋದರೆ ಅದು ಅಯಸ್ಕಾಂತ ಆಗುತ್ತದೆ, ಒಂದು ಕಬ್ಬಿಣದ ತುಂಡನ್ನು ಎಳೆಯುತ್ತದೆ. ಆ ಪೆಟ್ಟೇ ನಮಗೆ ಕೇಳುವ ಟಕ್. ರಿಲೇದು ಸಣ್ಣ ಸದ್ದು, ಗೋಡೆಯ ಹಲ್ಲಿ ಲೊಚಗುಟ್ಟಿದಷ್ಟು. ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರಿನ ಸೊಲೆನಾಯ್ಡ್‌ದು ದಪ್ಪ ಸದ್ದು, ಸುತ್ತಿಗೆಯ ಪೆಟ್ಟಿನಂತೆ.

ಸದ್ದು ಕೇಳಿದ ಕೂಡಲೇ ಬಾನೆಟ್ ಎತ್ತಬೇಡಿ. ಮೂರು ವಿಷಯ ಗಮನಿಸಿ. ಎಲ್ಲಿಂದ ಬರುತ್ತಿದೆ: ಬಾನೆಟ್ ಒಳಗಾ, ಡ್ಯಾಶ್‌ಬೋರ್ಡ್ ಹಿಂದೆಯಾ, ಬಾಗಿಲಲ್ಲಾ? ಯಾವಾಗ: ಕೀ ತಿರುಗಿಸುವಾಗಲಾ, ಓಡುವಾಗಲಾ, ಕೀ ತೆಗೆದ ಮೇಲೂ ಉಂಟಾ? ಇಂಜಿನ್ ವೇಗ ಏರಿಸಿದರೆ ಸದ್ದಿನ ವೇಗವೂ ಏರುತ್ತದಾ? ಇಷ್ಟಕ್ಕೆ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು. ಒಬ್ಬರು ಒಳಗೆ ಕೂತು ಕೀ ತಿರುಗಿಸಿ, ಇನ್ನೊಬ್ಬರು ಹೊರಗೆ ನಿಂತು ಕೇಳಿದರೆ ಒಳ್ಳೆಯದು. ಮೊಬೈಲಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಗ್ಯಾರೇಜಿಗೆ ಹೋದಾಗ ಸದ್ದು ಬಾರದೇ ಇರುವುದು ಕಾರಿನ ಹುಟ್ಟುಗುಣ.

ಬೇಕಾದ ಸಾಮಾನು: 10 ನಂಬರ್ ಸ್ಪ್ಯಾನರ್, ಸಣ್ಣ ಸ್ಯಾಂಡ್ ಪೇಪರ್ ತುಂಡು, ಹಳೆ ಟೂತ್ ಬ್ರಷ್, ಟಾರ್ಚ್. ಜೊತೆಗೆ ಒಂದು ಮಲ್ಟಿಮೀಟರ್. ಕೆಲವು ನೂರು ರೂಪಾಯಿಯ ಸಾದಾ ಮೀಟರ್ ಸಾಕು. ಹೊಸ ಬ್ಯಾಟರಿಯ ಬೆಲೆ ನೆನಪಿಸಿಕೊಂಡರೆ ಅದು ಖರ್ಚು ಅಂತ ಅನಿಸುವುದಿಲ್ಲ.

ಕೈ ಹಾಕುವ ಮೊದಲು ಇಷ್ಟು ನೋಡಿಕೊಳ್ಳಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಉಂಗುರ, ಕಡಗ, ಲೋಹದ ಪಟ್ಟಿಯ ವಾಚು ತೆಗೆದಿಡಿ. ಬ್ಯಾಟರಿಯ ಪಾಸಿಟಿವ್ ಮತ್ತು ಬಾಡಿ ನಡುವೆ ಉಂಗುರ ಸಿಕ್ಕಿದರೆ ಕ್ಷಣದಲ್ಲಿ ಕಾದು ಬೆರಳು ಸುಡುತ್ತದೆ. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಬರುತ್ತದೆ, ಹತ್ತಿರ ಬೀಡಿ ಸಿಗರೇಟು ಬೇಡ. ಆಸಿಡ್ ಕಣ್ಣಿಗೆ ಹಾರಿದರೆ 15 ನಿಮಿಷ ನೀರು ಹರಿಸಿ ತೊಳೆದು ಸೀದಾ ಆಸ್ಪತ್ರೆಗೆ. ಪೆಟ್ರೋಲ್ ಅಥವಾ ಎಲ್‌ಪಿಜಿ ವಾಸನೆ ಬರುತ್ತಿದ್ದರೆ ಕೀ ಮುಟ್ಟಲೇ ಬೇಡಿ. ರಿಲೇಯ ಒಂದು ಟಕ್‌ನಲ್ಲಿ ಸಣ್ಣ ಕಿಡಿಯೂ ಇರುತ್ತದೆ. ಮೊದಲು ಗಾಡಿಯನ್ನು ಬಯಲಿಗೆ ತಳ್ಳಿ.

ಕೀ ತಿರುಗಿಸಿದರೆ ಟಕಟಕಟಕ, ಇಂಜಿನ್ ತಿರುಗುವುದಿಲ್ಲ

ಇದು ಎಲ್ಲರೂ ಕೇಳಿರುವ ಸದ್ದು. ಸೆಲ್ಫ್ ಮೋಟರಿನ ಸೊಲೆನಾಯ್ಡ್ ಮುಂದೆ ಜಿಗಿಯುತ್ತದೆ, ಮೋಟರಿಗೆ ಕರೆಂಟ್ ಕೊಡುತ್ತದೆ. ಮೋಟರು ಒಮ್ಮೆಲೇ ನೂರಕ್ಕೂ ಜಾಸ್ತಿ ಆಂಪಿಯರ್ ಕೇಳುತ್ತದೆ. ಅಷ್ಟು ಕೊಡಲು ತ್ರಾಣ ಇಲ್ಲದಿದ್ದರೆ ವೋಲ್ಟೇಜ್ ದೊಪ್ಪನೆ ಬೀಳುತ್ತದೆ. ಸೊಲೆನಾಯ್ಡ್ ಹಿಡಿತ ಬಿಟ್ಟು ಹಿಂದೆ ಬರುತ್ತದೆ. ಬಂದ ಕೂಡಲೇ ವೋಲ್ಟೇಜ್ ಮತ್ತೆ ಏರುತ್ತದೆ, ಅದು ಮತ್ತೆ ಜಿಗಿಯುತ್ತದೆ. ಹೀಗೆ ಸೆಕೆಂಡಿಗೆ ಹಲವು ಸಲ.

ಅಂದರೆ ಸೆಲ್ಫ್ ಮೋಟರು ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ. ಅದಕ್ಕೆ ಸಾಕಷ್ಟು ಕರೆಂಟ್ ತಲುಪುತ್ತಿಲ್ಲ. ತಪ್ಪು ಬ್ಯಾಟರಿಯಲ್ಲೂ ಇರಬಹುದು, ದಾರಿಯಲ್ಲೂ ಇರಬಹುದು.

ಖರ್ಚಿಲ್ಲದ ಪರೀಕ್ಷೆ ಮೊದಲು. ಹೆಡ್‌ಲೈಟ್ ಹಾಕಿ, ಗೋಡೆಯ ಮೇಲೆ ಬೆಳಕು ಬೀಳುವ ಹಾಗೆ. ಈಗ ಕೀ ತಿರುಗಿಸಿ. ಮೊದಲೇ ಮಂಕಾಗಿದ್ದ ಬೆಳಕು ಪೂರ್ತಿ ಆರಿಹೋದರೆ ಬ್ಯಾಟರಿಯಲ್ಲಿ ಚಾರ್ಜ್ ಇಲ್ಲ. ಚೆನ್ನಾಗಿ ಉರಿಯುತ್ತಿದ್ದ ಬೆಳಕು ಕೀ ತಿರುಗಿಸಿದಾಗ ಮಾತ್ರ ಸತ್ತು, ಬಿಟ್ಟಾಗ ಮತ್ತೆ ಪೂರ್ತಿ ಬಂದರೆ ಟರ್ಮಿನಲ್ (ಬ್ಯಾಟರಿಗೆ ವೈರ್ ಕೂಡುವ ಜಾಗ) ಮೇಲೆ ಸಂಶಯ ಪಡಿ.

ಆಮೇಲೆ ಬ್ಯಾಟರಿ ಟರ್ಮಿನಲ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಸ್ವಲ್ಪ ಅಲ್ಲಾಡಿದರೂ ಅದೇ ಕಾರಣ ಇರಬಹುದು. ಬಿಳಿ ಅಥವಾ ಹಸಿರು ಹಿಟ್ಟು ಕಟ್ಟಿದ್ದರೆ ಬಿಚ್ಚಿ, ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ, ಬ್ರಷ್‌ನಲ್ಲಿ ತಿಕ್ಕಿ. ನೊರೆ ಬರುತ್ತದೆ. ಬ್ಯಾಟರಿಯ ಮುಚ್ಚಳದ ಒಳಗೆ ಸೋಡಾ ನೀರು ಇಳಿಯದ ಹಾಗೆ ನೋಡಿ. ಒರೆಸಿ, ಸೀಸದ ಕಂಬವನ್ನೂ ಕ್ಲಾಂಪಿನ ಒಳಮೈಯನ್ನೂ ಸ್ಯಾಂಡ್ ಪೇಪರ್‌ನಲ್ಲಿ ಹೊಳೆಯುವಷ್ಟು ಉಜ್ಜಿ, ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಮೇಲಿಂದ ವ್ಯಾಸಲಿನ್ ಸವರಿ. ಗ್ರೀಸ್ ಬಳಿದು ಆಮೇಲೆ ಕ್ಲಾಂಪ್ ಹಾಕುವವರಿದ್ದಾರೆ. ನಾನು ಹಾಗೆ ಮಾಡುವುದಿಲ್ಲ, ಲೋಹಕ್ಕೆ ಲೋಹ ಮೊದಲು ತಾಗಲಿ.

ಈಗ ಮೀಟರ್ ತೆಗೆಯಿರಿ. ಬೆಳಿಗ್ಗೆ ಕಾರಿನ ಬಾಗಿಲು ತೆರೆಯುವ ಮೊದಲೇ ಬಾನೆಟ್ ಎತ್ತಿ ಅಳೆಯುವುದಾದರೆ ಒಳ್ಳೆಯದು, ರಾತ್ರಿಯೇ ಲಿವರ್ ಎಳೆದಿಡಿ. ಬ್ಯಾಟರಿ ಮೇಲೆ 12.6 ವೋಲ್ಟ್ ಇದ್ದರೆ ಹೊಟ್ಟೆ ತುಂಬಿದೆ. 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗೆ ಇದ್ದರೆ ಚಾರ್ಜ್ ಮಾಡದೆ ಮುಂದಿನ ಪರೀಕ್ಷೆ ಮಾಡಿ ಪ್ರಯೋಜನ ಇಲ್ಲ. ಆಮೇಲೆ ಒಬ್ಬರು ಕೀ ತಿರುಗಿಸುವಾಗ ಓದಿ. ತುಂಬಿದ ಬ್ಯಾಟರಿ ಸೆಲ್ಫ್ ಹೊಡೆಯುವಾಗಲೂ ಸುಮಾರು 9.6 ವೋಲ್ಟ್‌ಗಿಂತ ಮೇಲೆ ನಿಲ್ಲಬೇಕು. 12.6 ತೋರಿಸಿ ಸೆಲ್ಫ್ ಹೊಡೆಯುವಾಗ 7ಕ್ಕೋ 6ಕ್ಕೋ ಕುಸಿದರೆ ಬ್ಯಾಟರಿಯ ಒಳಗಿನ ಒಂದು ಸೆಲ್ ಹಾಳಾಗಿರುವ ಸಾಧ್ಯತೆ ಜಾಸ್ತಿ. ನೀರು ಹಾಕುವ ಜಾತಿಯ ಬ್ಯಾಟರಿ ಆದರೆ ಪ್ಲೇಟ್ ಮುಳುಗಿದೆಯಾ ನೋಡಿ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬಾವಿ ನೀರು ಎಷ್ಟು ಸಿಹಿ ಇದ್ದರೂ ಬೇಡ.

ಬ್ಯಾಟರಿಯಲ್ಲೇ ಅಳೆದಾಗ ವೋಲ್ಟೇಜ್ ಚೆನ್ನಾಗಿದೆ, ಆದರೂ ಟಕಟಕ. ನನ್ನ ಕಥೆ ಇಲ್ಲಿಗೇ ಬಂದು ನಿಂತದ್ದು.

ಹನ್ನೊಂದನೇ ದಿನ ಬಂದ ಎಲೆಕ್ಟ್ರಿಷಿಯನ್ ಬ್ಯಾಟರಿ ಕಡೆ ಕಣ್ಣೆತ್ತಿ ನೋಡಲಿಲ್ಲ. ನೆಗೆಟಿವ್‌ನಿಂದ ಹೊರಟ ಕಪ್ಪು ವೈರನ್ನು ಬೆರಳಲ್ಲಿ ಹಿಡಿದುಕೊಂಡು ಕೆಳಗೆ ಕೆಳಗೆ ಹೋದರು. ಗೇರ್‌ಬಾಕ್ಸಿಗೆ ಬೋಲ್ಟ್ ಹಾಕಿದ ಜಾಗಕ್ಕಿಂತ ನಾಲ್ಕು ಬೆರಳು ಮೇಲೆ ವೈರ್ ಸ್ವಲ್ಪ ಉಬ್ಬಿತ್ತು. ಅಲ್ಲಿ ಬಗ್ಗಿಸಿದರು. ಮೇಲಿನ ರಬ್ಬರು ಒಣ ಸಂಡಿಗೆಯ ಹಾಗೆ ಒಡೆಯಿತು, ಒಳಗಿಂದ ಹಸಿರು ಹುಡಿ ಅವರ ಅಂಗೈಗೆ ಉದುರಿತು. ತಾಮ್ರದ ಎಳೆಗಳಲ್ಲಿ ಉಳಿದದ್ದು ಏಳೋ ಎಂಟೋ. "ಎಂತ ಮಾಸ್ಟ್ರೆ, ಹೊಸ ಬ್ಯಾಟರಿ ಹಾಕಿದ್ದೀರಿ. ಅರ್ತನ್ನು ಯಾರು ನೋಡುವುದು?" ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಓಮ್‌ನ ನಿಯಮ ಹೇಳಿಕೊಡುವವನು ನಾನೇ.

ಆ ಏಳೆಂಟು ಎಳೆಗಳಲ್ಲಿ ಹಾರ್ನ್, ಲೈಟ್, ವೈಪರ್ ಎಲ್ಲಾ ನಡೆಯುತ್ತದೆ. ಅವುಗಳಿಗೆ ಬೇಕಾದದ್ದು ಕೆಲವೇ ಆಂಪಿಯರ್. ಸೆಲ್ಫ್ ಕೇಳುವಷ್ಟು ಹೋಗುವುದಿಲ್ಲ, ಅಷ್ಟೆ. ಹಾಗಾಗಿಯೇ ಲೈಟ್ ನೋಡಿ ಎಲ್ಲಾ ಸರಿ ಉಂಟು ಅಂತ ಮೋಸ ಹೋಗುವುದು.

ಇದನ್ನು ಮನೆಯಲ್ಲೇ ಹಿಡಿಯಲು ಸುಲಭದ ಉಪಾಯ ಉಂಟು. ಜಂಪರ್ ಕೇಬಲ್ ಇದ್ದರೆ ಕಪ್ಪು ಕೇಬಲಿನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ತುದಿ ಇಂಜಿನ್ನಿನ ಬಣ್ಣ ಇಲ್ಲದ ಗಟ್ಟಿ ಲೋಹಕ್ಕೆ ಕಚ್ಚಿಸಿ. ಬೆಲ್ಟ್, ಫ್ಯಾನ್ ಹತ್ತಿರ ಕೇಬಲ್ ಬೀಳದ ಹಾಗೆ. ಈಗ ಕೀ ತಿರುಗಿಸಿ. ಗರ್ರ್ ಅಂತ ಇಂಜಿನ್ ಎದ್ದು ನಿಂತರೆ ಕಳ್ಳ ಸಿಕ್ಕಿದ. ಕೇಬಲ್ ಇಲ್ಲದಿದ್ದರೆ ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಇಂಜಿನ್ ಲೋಹಕ್ಕೆ ಇಟ್ಟು, ಕೀ ತಿರುಗಿಸುವಾಗ ಓದಿ. 0.2 ವೋಲ್ಟ್ ಒಳಗೆ ಇದ್ದರೆ ಅರ್ತ್ ಒಳ್ಳೆಯದು. ಅರ್ಧ ವೋಲ್ಟ್ ದಾಟಿದರೆ ವೈರ್ ಬಿಚ್ಚಿ ನೋಡುವ ಕೆಲಸ ಉಂಟು. ಬ್ಯಾಟರಿಯಿಂದ ಬಾಡಿಗೆ ಹೋಗುವ ಅರ್ತ್, ಇಂಜಿನ್ನಿಂದ ಬಾಡಿಗೆ ಬರುವ ಹೆಣೆದ ಪಟ್ಟಿ, ಎರಡನ್ನೂ ನೋಡಿ. ಬಾಡಿಗೆ ತಾಗುವ ಜಾಗದ ತುಕ್ಕು, ಬಣ್ಣ ಕೆರೆದು ಬೋಲ್ಟ್ ಹಾಕಿ, ಮೇಲೆ ಗ್ರೀಸ್ ಬಳಿಯಿರಿ. ಪಾಸಿಟಿವ್ ಕಡೆಯ ದಪ್ಪ ವೈರಿಗೂ ಇದೇ ಪರೀಕ್ಷೆ: ಬ್ಯಾಟರಿಯ ಪಾಸಿಟಿವ್ ಕಂಬದಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿಗೆ. ಅಲ್ಲೂ ಅರ್ಧ ವೋಲ್ಟ್ ದಾಟಬಾರದು.

ಬ್ಯಾಟರಿಯೇ ಇಳಿದಿದ್ದರೆ ಜಂಪ್ ಸ್ಟಾರ್ಟ್ ಮಾಡಬಹುದು. ಕೆಂಪು ಕೇಬಲ್ ಮೊದಲು ಇಳಿದ ಬ್ಯಾಟರಿಯ ಪಾಸಿಟಿವ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪಾಸಿಟಿವ್‌ಗೆ. ಕಪ್ಪು ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ, ಕೊನೆಯ ತುದಿ ನಿಮ್ಮ ಇಂಜಿನ್ನಿನ ಲೋಹಕ್ಕೆ, ಬ್ಯಾಟರಿಯಿಂದ ದೂರ. ತೆಗೆಯುವಾಗ ತಿರುಗಾಮುರುಗಾ. ಬ್ಯಾಟರಿ ಉಬ್ಬಿದ್ದರೆ, ಒಡೆದಿದ್ದರೆ ಇದನ್ನು ಮಾಡಲೇ ಬಾರದು.

ಗಾಡಿ ಸ್ಟಾರ್ಟ್ ಆದ ಮೇಲೆ ಅಲ್ಲಿಗೇ ಬಿಡಬೇಡಿ. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಬರಬೇಕು. 12 ಚಿಲ್ಲರೆಯಲ್ಲೇ ನಿಂತಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ನಮ್ಮ ಕಡೆ ಇನ್ನೂ ಡೈನಮೋ ಅಂತಲೇ ಹೇಳುತ್ತಾರೆ. ಬೆಲ್ಟ್ ಸಡಿಲವಾ ನೋಡಿ, ಇಂಜಿನ್ ನಿಲ್ಲಿಸಿ. ಬೆಲ್ಟ್ ಸರಿ ಇದ್ದರೆ ಅದು ಎಲೆಕ್ಟ್ರಿಷಿಯನ್ ಕೆಲಸ. ಹಳೆ ಕಾಲದ ಪರೀಕ್ಷೆ ಒಂದುಂಟು, ಇಂಜಿನ್ ಓಡುವಾಗ ಬ್ಯಾಟರಿ ಕ್ಲಾಂಪ್ ಕಿತ್ತು ನೋಡುವುದು. ಯಾರೇ ಹೇಳಿದರೂ ಮಾಡಬೇಡಿ. ವೋಲ್ಟೇಜ್ ಒಮ್ಮೆ ಮೇಲೆ ಹಾರಿದರೆ ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್), ಆಲ್ಟರ್ನೇಟರ್ ಎರಡೂ ಸುಡಬಹುದು.

ಒಂದೇ ಒಂದು ಟಕ್, ಆಮೇಲೆ ಸದ್ದಿಲ್ಲ

ಹೆಡ್‌ಲೈಟ್ ಪರೀಕ್ಷೆ ಇಲ್ಲೂ ಮಾಡಿ. ಟಕ್ ಅಂದಾಗ ಬೆಳಕು ಸ್ವಲ್ಪವೂ ಕದಲದಿದ್ದರೆ ಸೊಲೆನಾಯ್ಡ್ ಜಿಗಿದಿದೆ, ಆದರೆ ಕರೆಂಟ್ ಮೋಟರೊಳಗೆ ಹೋಗಿಲ್ಲ. ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು, ಇಲ್ಲಾ ಕಾರ್ಬನ್ ಬ್ರಷ್ ಸವೆದಿರಬಹುದು. ಒಬ್ಬರು ಕೀ ಹಿಡಿದಿರುವಾಗ ಮರದ ಕೋಲಿನಿಂದ ಸೆಲ್ಫ್ ಮೋಟರಿನ ಮೈಗೆ ಮೆಲ್ಲ ಎರಡು ಪೆಟ್ಟು ಕೊಡಿ. ಎದ್ದರೆ ಬ್ರಷ್ ಕೊನೆ ಉಸಿರಲ್ಲಿದೆ. ಆ ದಿನ ಮನೆಗೆ ಮುಟ್ಟಬಹುದು, ಧರ್ಮಸ್ಥಳಕ್ಕೆ ಹೊರಡಬೇಡಿ. ಬ್ರಷ್ ಮತ್ತು ಬುಷ್ ಹಾಕಿ ಸರಿ ಮಾಡುವವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಪೂರ್ತಿ ಮೋಟರ್ ಬದಲಿಸುವ ಮಾತು ಬಂದರೆ ಮೊದಲು ಅವರನ್ನು ಕೇಳಿ.

ಬೆಳಕು ಜೋರಾಗಿ ಮಂಕಾಗಿ ಒಂದೇ ದಪ್ಪ ಪೆಟ್ಟು ಬಂದರೆ ಕರೆಂಟ್ ಹೋಗುತ್ತಿದೆ, ಮೋಟರು ತಿರುಗಲಾರದೆ ನಿಂತಿದೆ. ಮೋಟರೇ ಜಾಮ್ ಆಗಿರಬಹುದು, ಇಂಜಿನ್ ಜಾಮ್ ಆಗಿರಬಹುದು. ಇಲ್ಲಿ ಒಂದು ಪ್ರಶ್ನೆ: ಹಿಂದಿನ ದಿನ ಕಾರು ನೀರಿಗೆ ಇಳಿದಿತ್ತಾ? ಮಂಗಳೂರಿನ ಪಂಪ್‌ವೆಲ್‌ನಲ್ಲೋ ಕೊಟ್ಟಾರ ಚೌಕಿಯಲ್ಲೋ ಉಡುಪಿಯ ಕಲ್ಸಂಕದಲ್ಲೋ ಮೊಣಕಾಲು ನೀರಲ್ಲಿ ಓಡಿಸಿ, ಆಮೇಲೆ ಈ ಸದ್ದು ಬಂದಿದ್ದರೆ ಕೀ ತೆಗೆದು ಜೇಬಿಗೆ ಹಾಕಿ. ಸಿಲಿಂಡರಿನೊಳಗೆ ನೀರು ಸೇರಿರಬಹುದು. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಹಟ ಹಿಡಿದು ಸೆಲ್ಫ್ ಹೊಡೆದರೆ, ತಳ್ಳಿ ಸ್ಟಾರ್ಟ್ ಮಾಡಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಗ ಕೆಲವು ಸಾವಿರದ ಕೆಲಸ ಇಂಜಿನ್ ಇಳಿಸುವ ಕೆಲಸ ಆಗುತ್ತದೆ. ಟೋ ಮಾಡಿಸಿ, ಪ್ಲಗ್ ಬಿಚ್ಚಿಸಿ ನೀರು ತೆಗೆಸಿ.

ಟಕ್ ಕೂಡ ಇಲ್ಲ, ಲೈಟ್ ಚೆನ್ನಾಗಿದೆ ಅಂದರೆ ಇಗ್ನಿಷನ್ ಸ್ವಿಚ್, ಸೆಲ್ಫ್ ರಿಲೇ, ಸೊಲೆನಾಯ್ಡ್‌ಗೆ ಬರುವ ತೆಳು ವೈರ್ ನೋಡಬೇಕು. ಆ ತೆಳು ವೈರಿನ ಸಾಕೆಟ್ ಮಳೆಗಾಲದಲ್ಲಿ ಹಸಿರು ಹಿಡಿಯುವುದು ಮಾಮೂಲು. ಆಟೊಮ್ಯಾಟಿಕ್ ಗೇರಿನ ಗಾಡಿ ಆದರೆ ಎನ್‌ನಲ್ಲಿ (ನ್ಯೂಟ್ರಲ್) ಇಟ್ಟು ಒಮ್ಮೆ ನೋಡಿ.

ಡ್ಯಾಶ್‌ಬೋರ್ಡ್ ಹಿಂದೆ ಟಿಕ್ ಟಿಕ್

ಇಂಡಿಕೇಟರ್ ಹಾಕಿದಾಗ ಮಾತ್ರ ಬರುತ್ತಿದ್ದರೆ ಅದು ಫ್ಲ್ಯಾಶರ್. ನಿಮಿಷಕ್ಕೆ 60ರಿಂದ 120 ಸಲ ಮಿಣುಕುವುದು ಸರಿ. ಒಂದು ಕಡೆಗೆ ಹಾಕಿದಾಗ ಮಾತ್ರ ಓಡಿಬಂದವನ ಎದೆಯ ಹಾಗೆ ಹೊಡೆದುಕೊಂಡರೆ ಆ ಕಡೆಯ ಒಂದು ಬಲ್ಬ್ ಹೋಗಿದೆ. ತೀರಾ ಹಳೆಯ ಬೈಮೆಟಲ್ ಫ್ಲ್ಯಾಶರ್ ಇದ್ದರೆ ತಿರುಗಾ: ನಿಧಾನ ಆಗುತ್ತದೆ, ಇಲ್ಲಾ ಮಿಣುಕದೆ ನಿಲ್ಲುತ್ತದೆ. ಕಾರಿನ ಸುತ್ತ ಒಂದು ಸುತ್ತು ಬಂದರೆ ಗೊತ್ತಾಗುತ್ತದೆ. 21 ವ್ಯಾಟ್ ಬಲ್ಬ್ ಜಾಗಕ್ಕೆ ಅದೇ ಹಾಕಿ. ಚಂದಕ್ಕೆ ಅಂತ ಎಲ್‌ಇಡಿ ಹಾಕಿದರೂ ಇದೇ ಗಡಿಬಿಡಿ ಸದ್ದು ಬರುತ್ತದೆ, ಯಾಕೆಂದರೆ ಅದು ಎಳೆಯುವ ಕರೆಂಟ್ ಕಡಿಮೆ. ಬಲ್ಬ್ ಸರಿ ಇದ್ದರೆ ಹೋಲ್ಡರ್ ನೋಡಿ. ಹಿಂದಿನ ಲ್ಯಾಂಪ್‌ಗಳಲ್ಲಿ ಗ್ಯಾಸ್ಕೆಟ್ ಹೋಗಿ ನೀರು ನಿಂತಿರುತ್ತದೆ. ನಮ್ಮ ಕಾರಿನ ಎಡ ಲ್ಯಾಂಪಲ್ಲಿ ಒಮ್ಮೆ ಎರಡು ಚಮಚದಷ್ಟು ನೀರಿತ್ತು, ಸೊಳ್ಳೆ ಮರಿಗಳ ಸಮೇತ.

ಕೀ ಆನ್ ಮಾಡಿದಾಗ ಒಂದು ಟಕ್, ಸುಮಾರು ಎರಡು ಸೆಕೆಂಡಿನ ಗುಂಯ್ ಸದ್ದು, ಮತ್ತೊಂದು ಟಕ್: ಇದು ಎಂಪಿಎಫ್‌ಐ, ಅಂದರೆ ಇಂಜೆಕ್ಟರ್ ಮೂಲಕ ಪೆಟ್ರೋಲ್ ಸಿಂಪಡಿಸುವ ಗಾಡಿಯ ಫ್ಯೂಯೆಲ್ ಪಂಪ್ ರಿಲೇ. ರೋಗ ಅಲ್ಲ, ಆರೋಗ್ಯ. ಅದಕ್ಕಿಂತ ಹಳೆಯ ಕಾರ್ಬ್ಯುರೇಟರ್ ಗಾಡಿಯಲ್ಲಿ ಕೀ ಆನ್ ಮಾಡಿದಾಗ ಬಾನೆಟ್ ಒಳಗೆ ಒಂದು ಸಣ್ಣ ಟಕ್ ಕೇಳಿದರೆ ಅದು ಪೆಟ್ರೋಲ್ ಬಿಡುವ ಸೊಲೆನಾಯ್ಡ್ ಇರಬಹುದು, ಅದೂ ಸರಿಯೇ.

ಓಡುವಾಗ ಕ್ರಮ ಇಲ್ಲದೆ ಟಿಕ್, ಟಿಟಿಕ್, ಟಿಕ್ ಅಂತ ಬರುತ್ತಾ ಗಾಡಿ ಎಳೆದೆಳೆದು ನಿಂತು ಹೋಗುತ್ತಿದ್ದರೆ ಯಾವುದೋ ರಿಲೇ ಚಡಪಡಿಸುತ್ತಿದೆ. ಫ್ಯೂಸ್ ಬಾಕ್ಸ್ ತೆರೆದು ರಿಲೇಗಳ ಮೇಲೆ ಒಂದೊಂದಾಗಿ ಬೆರಳಿಡಿ. ಹೊಡೆತ ಬೆರಳಿಗೆ ಗೊತ್ತಾಗುತ್ತದೆ. ಅದನ್ನು ತೆಗೆದು, ಅದೇ ನಂಬರಿನ ಇನ್ನೊಂದು ರಿಲೇ ಹಾಕಿ ನೋಡಿ. ಹಲವು ಗಾಡಿಗಳಲ್ಲಿ ಹಾರ್ನಿನದ್ದು ಅದೇ ನಂಬರಿನದು ಇರುತ್ತದೆ, ಹತ್ತು ನಿಮಿಷ ಹಾರ್ನ್ ಇಲ್ಲದಿದ್ದರೆ ನಡೆಯುತ್ತದೆ. ಸದ್ದು ಹಳೆಯ ರಿಲೇ ಜೊತೆಗೇ ಹೋದರೆ ರಿಲೇ ಹಾಳು. ಹೊಸ ರಿಲೇಯೂ ಚಡಪಡಿಸಿದರೆ ಅದಕ್ಕೆ ಬರುವ ಕರೆಂಟೇ ಹರಕು ಮುರುಕು. ಮತ್ತೆ ಅರ್ತ್, ಮತ್ತೆ ಸಾಕೆಟ್. ಇಲಿ, ಹೆಗ್ಗಣ ವೈರ್ ಕಡಿದಿದೆಯಾ ಅಂತಲೂ ನೋಡಿ. ತೆಂಗಿನ ಮರದಡಿ, ಕಟ್ಟಿಗೆ ಕೊಟ್ಟಿಗೆ ಪಕ್ಕ ನಿಲ್ಲಿಸುವ ಕಾರುಗಳಿಗೆ ಇದು ಪ್ರತಿ ವರ್ಷದ ತಾಪತ್ರಯ.

ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರಿನದ್ದು ಹಾಕಿ. ಕೆಂಪು 10, ನೀಲಿ 15, ಹಳದಿ 20, ಹಸಿರು 30. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ತಾಮ್ರದ ಎಳೆ ಸುತ್ತುವ ಬುದ್ಧಿವಂತಿಕೆ ಬೇಡ. ಆಮೇಲೆ ಫ್ಯೂಸ್ ಬದಲು ವೈರ್ ಉರಿಯುತ್ತದೆ.

ಇಂಜಿನ್ ವೇಗಕ್ಕೆ ತಕ್ಕ ಹಾಗೆ ಚಟ್ ಚಟ್ ಚಟ್

ಇದು ಬೇರೆ ಜಾತಿ. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಸಾಮಾನು), ಪ್ಲಗ್ ವೈರ್ ಇರುವ ಹಳೆ ಪೆಟ್ರೋಲ್ ಗಾಡಿಯಲ್ಲಿ, ಅದರಲ್ಲೂ ಮಳೆಯ ಮುಂಜಾನೆ ಕೇಳುತ್ತದೆ. ಇಂಜಿನ್ ನಡುಗುತ್ತದೆ, ಎಳೆತ ಇಲ್ಲ, ಜೊತೆಗೆ ಚಟ್ ಚಟ್. ವೈರಿನ ರಬ್ಬರು ಸೀಳಿ, ಅದರ ಮೇಲೆ ತೇವ ಕೂತು, ಪ್ಲಗ್‌ಗೆ ಹೋಗಬೇಕಾದ ಕಿಡಿ ಅಡ್ಡದಾರಿಯಲ್ಲಿ ಇಂಜಿನ್ ಲೋಹಕ್ಕೆ ಹಾರುತ್ತಿರುತ್ತದೆ.

ನೋಡಬೇಕಾದದ್ದು ಕತ್ತಲಲ್ಲಿ. ರಾತ್ರಿ ಅಂಗಳದ ಲೈಟ್ ಆರಿಸಿ, ಗಾಡಿ ಸ್ಟಾರ್ಟ್ ಮಾಡಿ, ಬಾನೆಟ್ ಎತ್ತಿ ದೂರ ನಿಂತು ನೋಡಿ. ಸೋರುವ ಜಾಗದಲ್ಲಿ ನೀಲಿ ಕಿಡಿ ಮಿಂಚುತ್ತದೆ. ಕಾಣದಿದ್ದರೆ ಗಿಡಕ್ಕೆ ನೀರು ಸಿಂಪಡಿಸುವ ಬಾಟಲಿಯಲ್ಲಿ ವೈರಿನ ಮೇಲೆ ತೆಳ್ಳಗೆ ಮಂಜಿನ ಹಾಗೆ ಹೊಡೆಯಿರಿ. ಮುಟ್ಟಬೇಡಿ. ಅಲ್ಲಿರುವುದು ಹತ್ತು ಇಪ್ಪತ್ತು ಸಾವಿರ ವೋಲ್ಟ್. ಇಂಜಿನ್ ಓಡುವಾಗ ವೈರ್ ಕಿತ್ತು ನೋಡುವ ಹಳೆ ಮೆಕ್ಯಾನಿಕ್ ಶೈಲಿ ನಮಗೆ ಬೇಡ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಪರೀಕ್ಷೆಯ ಹತ್ತಿರವೂ ನಿಲ್ಲಬಾರದು. ಲುಂಗಿ, ಸೀರೆ ಸೆರಗು, ಶಾಲು ಬೆಲ್ಟಿಗೆ ಸಿಕ್ಕದ ಹಾಗೆ ನೋಡಿಕೊಳ್ಳಿ.

ಇಂಜಿನ್ ನಿಲ್ಲಿಸಿ ಆರಿದ ಮೇಲೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ ಒಳಗೆ ನೋಡಿ. ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಅದು ಬಿರುಕು, ಕ್ಯಾಪ್ ಬದಲಿಸಬೇಕು. ಬರೀ ತೇವ ಇದ್ದರೆ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಪ್ಲಗ್ ವೈರ್ ಒಂದು ಹೋಗಿದ್ದರೆ ಸೆಟ್ಟನ್ನೇ ಬದಲಿಸಿ, ಉಳಿದವಕ್ಕೂ ಅಷ್ಟೇ ವಯಸ್ಸು ಅಲ್ವಾ. ಬಿಚ್ಚುವ ಮೊದಲು ಯಾವ ವೈರ್ ಎಲ್ಲಿಗೆ ಅಂತ ಫೋಟೊ ತೆಗೆದಿಟ್ಟುಕೊಳ್ಳಿ. ನಾನು ತೆಗೆದಿರಲಿಲ್ಲ. ಒಂದು ಭಾನುವಾರ ಪೂರ್ತಿ ಹೋಯಿತು.

ಇದೇ ಬಾನೆಟ್ ಒಳಗಿನ ಇನ್ನೊಂದು ಟಕ್ ಎಸಿಯದ್ದು. ಕಂಪ್ರೆಸರಿನ ಕ್ಲಚ್ ಹಿಡಿಯುವಾಗ ಒಂದು, ಬಿಡುವಾಗ ಒಂದು. ಎಸಿ ಆಫ್ ಮಾಡಿದರೆ ಸದ್ದು ನಿಂತರೆ ಅದೇ. ಆಗಾಗ ಬಂದರೆ ಸಹಜ. ನಾಲ್ಕೈದು ಸೆಕೆಂಡಿಗೊಮ್ಮೆ ಹಿಡಿದು ಬಿಟ್ಟು ಮಾಡುತ್ತಾ ತಂಪೂ ಇಲ್ಲದಿದ್ದರೆ ಗ್ಯಾಸ್ ಕಡಿಮೆ ಇರುವ ಸಾಧ್ಯತೆ ಜಾಸ್ತಿ. ಎಲ್ಲಿ ಸೋರುತ್ತಿದೆ ಅಂತ ಹುಡುಕದೆ ಸುಮ್ನೆ ಗ್ಯಾಸ್ ತುಂಬಿಸಿದರೆ ಮುಂದಿನ ಏಪ್ರಿಲ್‌ಗೆ ಮತ್ತೆ ದುಡ್ಡು. ಗ್ಯಾಸಿನ ಕೆಲಸ ಮನೆಯಲ್ಲಿ ಮಾಡುವಂಥದ್ದಲ್ಲ.

ಕರೆಂಟಿಗೆ ಸಂಬಂಧವೇ ಇಲ್ಲದ ಟಕ್ ಟಕ್

ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೋಗುವಾಗ ಕಟಕಟ ಬಂದರೆ ಮುಂದಿನ ಸಿವಿ ಜಾಯಿಂಟ್, ಅಂದರೆ ಚಕ್ರ ತಿರುಗಿಸುವ ಆಕ್ಸೆಲಿನ ಕೀಲು. ಗಾಡಿಯ ವೇಗದ ಜೊತೆ ಏರುವ ಟಿಕ್ ಟಿಕ್ ಆದರೆ ಟೈರಿನ ಸಂದಿಯಲ್ಲಿ ಜಲ್ಲಿ ಸಿಕ್ಕಿದೆಯಾ ನೋಡಿ. ಮೊಳೆಯೂ ಆಗಿರಬಹುದು. ತಣ್ಣಗಿರುವಾಗ ಟಿಕ್ ಟಿಕ್, ಬಿಸಿಯಾದ ಮೇಲೆ ಕಡಿಮೆ ಆದರೆ ಇಂಜಿನ್ ವಾಲ್ವ್ ತಳ್ಳುವ ಟ್ಯಾಪೆಟ್ ಅಥವಾ ಸೈಲೆನ್ಸರ್ ಜಾಯಿಂಟ್. ಗಾಡಿ ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತು ಟಿಣ್ ಟಿಣ್ ಅನ್ನುವುದು ಬಿಸಿ ಸೈಲೆನ್ಸರ್ ಆರುವ ಸದ್ದು.

ಕೀ ತೆಗೆದ ಮೇಲೂ ಟಕ್

ಇದನ್ನು ನಮ್ಮ ಮನೆಯಲ್ಲಿ ಮೊದಲು ಕೇಳಿದ್ದು ಅಮ್ಮ. ರಾತ್ರಿ ಜಗಲಿಯಲ್ಲಿ ಕೂತವರು "ಕಾರಲ್ಲಿ ಯಾರೋ ಇದ್ದಾರೆ ಮಾರಾಯಾ" ಅಂದರು. ಹೋಗಿ ನೋಡಿದರೆ ಬಲ ಬದಿಯ ಮುಂದಿನ ಬಾಗಿಲಿನ ಲಾಕ್ ತನ್ನಷ್ಟಕ್ಕೇ ಏಳುತ್ತಿತ್ತು, ಇಳಿಯುತ್ತಿತ್ತು. ಅದು ಕಂಪನಿಯದ್ದಲ್ಲ, ಆಮೇಲೆ ಹೊರಗೆ ಹಾಕಿಸಿದ ಸೆಂಟ್ರಲ್ ಲಾಕ್. ಬಾಗಿಲಿನೊಳಗೆ ನೀರು ಇಳಿದು ಸ್ವಿಚ್ ಶಾರ್ಟ್ ಆಗುತ್ತಿತ್ತು. ಬಾಗಿಲಿನ ತಳದಲ್ಲಿ ನೀರು ಹೋಗಲು ಸಣ್ಣ ತೂತು ಇರುತ್ತದೆ. ಮಣ್ಣು, ಎಲೆ ಸೇರಿ ಮುಚ್ಚಿರುತ್ತದೆ. ಹಿಡಿಕಡ್ಡಿಯಲ್ಲಿ ಚುಚ್ಚಿದಾಗ ಕಾಲು ಲೋಟದಷ್ಟು ಕೆಂಪು ನೀರು ಸುರಿಯಿತು.

ಗಾಡಿ ಆಫ್ ಮಾಡಿದ ಕೂಡಲೇ ರೇಡಿಯೇಟರ್ ಫ್ಯಾನ್ ರಿಲೇ ಟಕ್ ಅಂದು ಫ್ಯಾನ್ ಸ್ವಲ್ಪ ಹೊತ್ತು ತಿರುಗುವುದು ಕೆಲವು ಗಾಡಿಗಳ ಕ್ರಮ. ಅರ್ಧ ಗಂಟೆ ಕಳೆದರೂ ಸದ್ದು ನಿಲ್ಲದಿದ್ದರೆ ಅದು ಬ್ಯಾಟರಿಯನ್ನು ಕುಡಿಯುತ್ತಿದೆ. ಎಷ್ಟು ಕುಡಿಯುತ್ತಿದೆ ಅಂತ ಅಳೆಯಬಹುದು. ಎಲ್ಲಾ ಆಫ್ ಮಾಡಿ, ಬಾಗಿಲು ಹಾಕಿ, ನೆಗೆಟಿವ್ ಕ್ಲಾಂಪ್ ಬಿಚ್ಚಿ. ಮೀಟರನ್ನು 10 ಆಂಪಿಯರ್ ತೂತಿಗೆ ಹಾಕಿ, ಒಂದು ಕಡ್ಡಿ ಕ್ಲಾಂಪಿಗೆ, ಒಂದು ಕಡ್ಡಿ ಬ್ಯಾಟರಿ ಕಂಬಕ್ಕೆ. 50 ಮಿಲಿ ಆಂಪಿಯರ್ ಒಳಗೆ ಇದ್ದರೆ ಚಿಂತೆ ಇಲ್ಲ. 300 ಇದ್ದರೆ 35 ಆಂಪಿಯರ್ ಅವರ್‌ನ ಸಣ್ಣ ಬ್ಯಾಟರಿ ಐದು ದಿನದಲ್ಲಿ ಪೂರ್ತಿ ಖಾಲಿ, ಸೆಲ್ಫ್ ಹೊಡೆಯದಷ್ಟು ಇಳಿಯಲು ಎರಡು ಮೂರು ದಿನ ಸಾಕು. ಒಂದೊಂದೇ ಫ್ಯೂಸ್ ಕಿತ್ತು ನೋಡಿ, ಯಾವುದನ್ನು ತೆಗೆದಾಗ ಸಂಖ್ಯೆ ಇಳಿಯುತ್ತದೋ ಆ ಸಾಲಿನಲ್ಲಿ ಸೋರಿಕೆ. ಮೀಟರ್ ಹೀಗೆ ಸಿಕ್ಕಿಸಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರ್ ಉಳಿಯುವುದಿಲ್ಲ.

ಕೈ ತೆಗೆಯಬೇಕಾದ ಹೊತ್ತು, ಗ್ಯಾರೇಜಿಗೆ ಹೋಗುವ ರೀತಿ

ಸುಟ್ಟ ವಾಸನೆ, ಹೊಗೆ, ಮುಟ್ಟಲಾಗದಷ್ಟು ಬಿಸಿಯಾದ ವೈರ್, ಮತ್ತೆ ಮತ್ತೆ ಹೋಗುವ ಒಂದೇ ಫ್ಯೂಸ್, ಉಬ್ಬಿದ ಬ್ಯಾಟರಿ: ಇವುಗಳಲ್ಲಿ ಒಂದು ಕಂಡರೂ ನೆಗೆಟಿವ್ ಬಿಚ್ಚಿ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಸ್ಟೀರಿಂಗ್ ಕೆಳಗಿನ ಹಳದಿ ಸಾಕೆಟ್‌ಗಳಿಗೆ ಕೈ ಹಾಕಬೇಡಿ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ರಾತ್ರಿ ಗಾಡಿ ನಿಂತರೆ ಪರೀಕ್ಷೆ ಮಾಡುವ ಜಾಗ ಅದಲ್ಲ. ಹಜಾರ್ಡ್ ಲೈಟ್ ಹಾಕಿ, ಜನರನ್ನು ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ.

ಗ್ಯಾರೇಜಿನಲ್ಲಿ "ಟಕ್ ಟಕ್ ಬರ್ತದೆ, ನೋಡಿ" ಅಂತ ಮಾತ್ರ ಹೇಳಿದರೆ ಅವರೂ ಮೊದಲು ಬ್ಯಾಟರಿಗೇ ಕೈ ಹಾಕುತ್ತಾರೆ. ವಿಡಿಯೊ ತೋರಿಸಿ. ಯಾವಾಗ ಬಂತು, ಮಳೆ ಇತ್ತಾ, ಹೆಡ್‌ಲೈಟ್ ಏನಾಯಿತು, ಮೀಟರಲ್ಲಿ ಎಷ್ಟು ಬಂತು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. "ಅರ್ತ್ ಡ್ರಾಪ್ ನೋಡಿದ್ದೀರಾ ಅಣ್ಣ?" ಅಂತ ಕೇಳಿ, ನೆಗೆಟಿವ್ ಕಂಬಕ್ಕೂ ಇಂಜಿನ್ನಿಗೂ ನಡುವೆ ಅಳೆಯುವ ಆ ವೋಲ್ಟೇಜೇ ಅರ್ತ್ ಡ್ರಾಪ್. ಬದಲಿಸಿದ ಹಳೆ ಸಾಮಾನು ಕೇಳಿ ತೆಗೆದುಕೊಳ್ಳಿ. ನನ್ನ ಆ ಹಸಿರು ಹಿಡಿದ ಅರ್ತ್ ವೈರ್ ಈಗ ಶಾಲೆಯ ಲ್ಯಾಬಿನಲ್ಲಿದೆ. ಮಕ್ಕಳಿಗೆ ರೆಸಿಸ್ಟೆನ್ಸ್ ಪಾಠ ಬಂದಾಗ ಹೊರಗೆ ತೆಗೆಯುತ್ತೇನೆ.